ಅತ್ತೆ ಹಾಡಿದ ಹನ್ನೊಂದು ನಿಮಿಷ

ಮೂರು ಮದುವೆಗಳಲ್ಲಿ ಎರಡು ಕಂಪ್ಯೂಟರಿಗೆ ಇಳಿದಾಗಿತ್ತು, ಮೂರನೆಯದು ಇಳಿಯುತ್ತಿತ್ತು. ಪರದೆಯ ಮೇಲೆ ನೀಲಿ ಪಟ್ಟಿ ತುದಿ ಮುಟ್ಟುವವರೆಗೂ ಕೈಕಟ್ಟಿ ಕೂರುವವಳಲ್ಲ ಮಂಗಲಾ. ಹಳೆಯ ಬನಿಯನ್ ಬಟ್ಟೆಯಿಂದ ವೈರುಗಳ ತುದಿಯನ್ನು ಒಂದೊಂದಾಗಿ ಒರೆಸಿ, ಸುರುಳಿ ಸುತ್ತಿ ಡಬ್ಬಿಯೊಳಗೆ ಇಡುತ್ತಿದ್ದಳು. ಕುಮಟೆಯ ಗಾಳಿಯಲ್ಲಿ ಉಪ್ಪಿದೆ. ಒಂದು ವಾರ ಉದಾಸೀನ ಮಾಡಿದರೆ ಲೋಹವೆಲ್ಲ ಕಪ್ಪು ಹಿಡಿದು, ಮದುಮಗಳು ಹಾರ ಹಾಕುವ ಗಳಿಗೆಯಲ್ಲೇ ಚಿತ್ರ ಪಟ್ಟನೆ ಹೋಗುತ್ತದೆ. ಹಾಗೆ ಒಂದು ಸಲವೂ ಹೋಗಲು ಅವಳು ಬಿಟ್ಟಿರಲಿಲ್ಲ.

ಕೊನೆಗೆ ಅವಳು ಒರೆಸುವುದು ಬಾಕ್ಸನ್ನು. ಎರಡು ಅಂಗೈ ಜೋಡಿಸಿದಷ್ಟು ಅಗಲದ ರೆಕಾರ್ಡರಿಗೆ ಅವರ ಸ್ಟುಡಿಯೋದಲ್ಲಿ ಬಾಕ್ಸ್ ಎಂದೇ ಹೆಸರು. ಗಂಡ ವಿನೋದ ಎರಡು ವರ್ಷದ ಹಿಂದೆ ತಂದ ಸಿನಿಮಾ ಕ್ಯಾಮರಾ ತೆಗೆಯುವ ಚಿತ್ರ ಅದರ ಹೊಟ್ಟೆಯೊಳಗಿನ ಕಾರ್ಡಿಗೆ ಹಿಡಿಸುವಂಥದಲ್ಲ. ಬಲವಂತ ಮಾಡಿ ತುಂಬಿಸಲು ಹೋದರೆ ಕ್ಯಾಮರಾ ಬಿಸಿಯೇರಿ ನಿಂತುಬಿಡುತ್ತದೆ. ಹಾಗಾಗಿ ಅದು ಬರೀ ನೋಡುತ್ತದೆ. ನೋಡಿದ್ದು ವೈರಿನಲ್ಲಿ ಹಾದು ಬಾಕ್ಸಿಗೆ ಬರುತ್ತದೆ, ಬಾಕ್ಸಿನ ಬೆನ್ನಿಗೆ ಸಿಕ್ಕಿಸಿದ ಡ್ರೈವಿನಲ್ಲಿ ಉಳಿಯುತ್ತದೆ. ಕ್ಯಾಮರಾ ವಿನೋದನದು, ಬಾಕ್ಸ್ ಮಂಗಲಾಳದು. ಅವನು ಮಂಟಪದ ಎದುರು ಬೆವರು ಸುರಿಸಿಕೊಂಡು ಓಡಾಡುವಾಗ ಅವಳು ಕಂಬದ ಮರೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಾಕ್ಸಿನ ಪರದೆಯ ಸುತ್ತ ಕೆಂಪು ಅಂಚು ಬಂದಿದೆಯೇ, ಡ್ರೈವಿನಲ್ಲಿ ಜಾಗ ಇದೆಯೇ ಎಂದು ನೋಡುತ್ತ ಕೂರುತ್ತಾಳೆ.

ಮುಂದಿನ ಕೋಣೆಯಲ್ಲಿ ಯಾರದೋ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಿದ್ದ ವಿನೋದ ಪರದೆ ಸರಿಸಿ ತಲೆ ಹಾಕಿದ.

“ಡ್ರೈವು ಖಾಲಿ ಆತ?”

“ಇನ್ನೊಂದು ಕಾಲು ತಾಸು.”

“ನಾಳೆ ಮುಟ್ಟಳ್ಳಿ ಮದ್ವೆದು ದಿಬ್ಬಣ ಬರೂದ್ರಿಂದ ಹಿಡ್ದು ಊಟದವರೆಗೂ ತೆಗೀಬೇಕಂತೆ. ಪೂರ್ತಿ ಡ್ರೈವು ಬೇಕು.” ಅವನು ಬಾಕ್ಸಿನ ಕಡೆ ಕೈ ತೋರಿಸಿದ. “ಅವ್ವಿ ಹಾಡಿದ್ದೂ ಅಳ್ಸಿಬಿಡು ಮಾರಾಯ್ತಿ. ವರ್ಷ ಆಗ್ತಾ ಬಂತು. ಇನ್ನೂರು ಜಿಬಿ ತಿಂದ್ಕಂಡು ಕೂತದೆ. ಶಬ್ದ ಇಲ್ದೇ ಇದ್ದದ್ದು ಇಟ್ಕಂಡು ಎಂತಾ ಮಾಡ್ತೆ?”

“ನೋಡ್ವ.”

“ನೋಡೂದೆಂತ? ಅಂಕಿತಾನ ಹತ್ರ ಒಂದು ಪ್ರತಿ ಅದ್ಯಲ.”

ಪಾಸ್‌ಪೋರ್ಟ್ ಫೋಟೊದವರು ಕೆಮ್ಮಿದರು. ಅವನು ಹೋದ. ಮಂಗಲಾ ಬಾಕ್ಸನ್ನು ಮತ್ತೊಮ್ಮೆ ಒರೆಸಿದಳು, ಒರೆಸಿದ ಕಡೆಯೇ.

ಹೆಸರು ಹೇಳಿದ್ದು ಕೇಳಿಸಿತೋ ಎಂಬಂತೆ ಅಂಕಿತಾಳ ಫೋನು ಬಂದದ್ದು ಆಮೇಲೆ ಹತ್ತೇ ನಿಮಿಷಕ್ಕೆ. ಹೊನ್ನಾವರದ ಹುಡುಗಿ, ಕರ್ಕಿಯ ಯಕ್ಷಗಾನದವರ ಮೇಲೆ ಒಂದು ಸಣ್ಣ ಚಿತ್ರ ಮಾಡಿ ಹೆಸರು ತೆಗೆದುಕೊಂಡವಳು. ಈಗ ಗದ್ದೆಯ ಹೆಂಗಸರ ಹಾಡುಗಳ ಮೇಲೆ ಇನ್ನೊಂದು ಮಾಡುತ್ತಿದ್ದಳು.

“ಮಂಗಲಕ್ಕ, ಅಜ್ಜಿ ಹೇಗಿದ್ದಾರೆ?”

“ಹಂಗೇ ಇದ್ದಾರೆ. ಎಡಗೈ ಆಡ್ತದೆ. ಮಾತಿಲ್ಲ.”

“ಛೇ,” ಅಂದಳು ಅಂಕಿತಾ. “ಎಡಿಟಿಂಗ್ ಮುಗೀತಾ ಬಂತು ಅಕ್ಕ. ಅಜ್ಜಿಯ ಮುಖ ಬಿಡೂಕೆ ನಂಗೆ ಮನಸ್ಸೇ ಬತ್ತಿಲ್ಲ, ಅಷ್ಟು ಚೆಂದ ಬಂದದೆ. ಅದಕ್ಕೊಂದು ಉಪಾಯ ಮಾಡಿದ್ದೇನೆ. ಅಂಕೋಲೆ ಬದಿಯ ಒಬ್ರು ಹಾಡಿದ್ದು ನನ್ನ ಹತ್ರ ಇದೆ. ಅದನ್ನ ಅಜ್ಜಿ ಮುಖದ ಮೇಲೆ ಕೂರಿಸಿದ್ರೆ ಯಾರಿಗೂ ಗೊತ್ತಾಗೂದಿಲ್ಲ. ಮದುವೆ ವಿಡಿಯೋಕ್ಕೆ ನೀವು ಸಿನಿಮಾ ಹಾಡು ಹಾಕ್ತೀರಲ್ಲ, ಹಾಗೇ. ಅಜ್ಜಿನ್ನ ಒಂದು ಮಾತು ಕೇಳಿ ಹೇಳ್ತೀರಾ?”

“ಕೇಳ್ತೆ,” ಅಂದಳು ಮಂಗಲಾ.

ಫೋನು ಇಟ್ಟ ಮೇಲೆ ಅವಳಿಗೆ ನೆನಪಾಯಿತು: ಹೋದ ವರ್ಷವೂ ಇದೇ ಹುಡುಗಿಗೆ ಇದೇ ಮಾತು ಹೇಳಿದ್ದಳು.

*

ಹೋದ ವರ್ಷ ಅಂಕಿತಾಳ ಚಿತ್ರಕ್ಕೆಂದು ಗದ್ದೆಯ ಅಂಚಿನಲ್ಲಿ ಕ್ಯಾಮರಾ ನಿಲ್ಲಿಸಿದ ದಿನ ಮಳೆ ನಿಂತು ಹೊಳವಾಗಿತ್ತು. ಹೆದ್ದಾರಿ ಅಗಲವಾದ ಮೇಲೆ ವಿನೋದನ ಮನೆಯವರಿಗೆ ಉಳಿದದ್ದು ರಸ್ತೆಯ ಈಚೆಗಿನ ಎರಡೇ ಗದ್ದೆ. ಭತ್ತದ ಅಗೆ, ಅಂದರೆ ಸಸಿ, ನೆಡುವ ನೆಟ್ಟಿಯ ಕೊನೆಯ ದಿನ. ಎಲ್ಲ ನೆಟ್ಟಾದ ಮೇಲೆ ಕೈಯಲ್ಲಿ ಉಳಿಯುವ ಕಡೆಯ ಹಿಡಿ ಅಗೆಯನ್ನು ಮೂಲೆಯಲ್ಲಿ ಊರುವ ಮೊದಲು ಆ ಮನೆಯ ಹಿರಿಯ ಹೆಂಗಸು ಒಂದು ಹಾಡು ಹೇಳಬೇಕು. ಆ ಹಾಡು ಆ ಮನೆಯದು. ಅದರಲ್ಲಿ ಆ ಗದ್ದೆಗೆ ಇಳಿದ ಸೊಸೆಯಂದಿರ ಹೆಸರು ಒಂದರ ಹಿಂದೆ ಒಂದು ಬರುತ್ತದೆ. ವರ್ಷಕ್ಕೆ ಒಂದೇ ಸಲ, ಆ ಹಿಡಿ ಕೈಯಲ್ಲಿ ಇರುವಾಗ ಮಾತ್ರ. ಬೇರೆ ದಿನ ಯಾರು ಕೇಳಿದರೂ ಅತ್ತೆ ಹನುಮಕ್ಕ, “ಅಗೆ ಇಲ್ದೇ ಹಾಡು ಹೇಳೂಕೆ ನಂಗೆ ಮರುಳನ?” ಎಂದು ಎಲೆಯಡಿಕೆ ಚೀಲ ಬಿಚ್ಚುತ್ತಿದ್ದಳು.

ಮಂಗಲಾ ಮದುವೆಯಾಗಿ ಬಂದ ಹೊಸತರಲ್ಲಿ ಅವಳೇ ಕರೆದಿದ್ದಳು. “ಬಾ, ನನ್ನ ಹಿಂದೆ ನಿಂತ್ಕಂಡು ಹೇಳು. ಎರಡು ವರ್ಷಕ್ಕೆ ಬತ್ತದೆ.” ಮಂಗಲಾ ಆಗ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. ಕಾಲಿಗೆ ಕೆಸರು ಹತ್ತಿದರೆ ಕ್ಲಾಸಿಗೆ ತಡವಾಗುತ್ತದೆ ಅಂದಳು. ಮರುವರ್ಷ ಬಸುರಿ. ಆಮೇಲೆ ಸ್ಟುಡಿಯೋ. ಇಪ್ಪತ್ತೆರಡು ಮಳೆಗಾಲ ಆ ಹಾಡು ಅಡಿಗೆಮನೆಯ ಕಿಟಕಿಯಿಂದ ಒಳಗೆ ಬಂದು ಕುಕ್ಕರಿನ ಸೀಟಿಯ ನಡುವೆ ಕಳೆದುಹೋಗಿತ್ತು. ಹನುಮಕ್ಕ ಮೂರನೆಯ ವರ್ಷಕ್ಕೇ ಕರೆಯುವುದನ್ನು ಬಿಟ್ಟಿದ್ದಳು.

ಅಂಕಿತಾ ಎಲ್ಲರ ಮೊಬೈಲು ಬಂದ್ ಮಾಡಿಸಿದಳು. ವಿನೋದ ಕ್ಯಾಮರಾದ ಹಿಂದೆ ನಿಂತ. ಹನುಮಕ್ಕ ಮೊಣಕಾಲು ಮಟ ಕೆಸರಿನಲ್ಲಿ, ಕೊರಳ ತುಂಬ ಮಣಿಸರ, ಕೈಯಲ್ಲಿ ಹಸಿರು ಹಿಡಿ, ಆ ಯಂತ್ರವನ್ನು ಮೇಲೆ ಕೆಳಗೆ ನೋಡಿದಳು.

“ಇಷ್ಟು ದೊಡ್ಡ ಕಣ್ಣು ಅದೆ. ಕಿಮಿ ಎಲ್ಲಿ ಅದೆಯೇ ಇದ್ಕೆ?”

ಹೆಂಗಸರೆಲ್ಲ ನಕ್ಕರು. ಅಂಚಿನ ಮೇಲೆ ಬಾಕ್ಸ್ ಮಡಿಲಲ್ಲಿಟ್ಟು ಕೂತಿದ್ದ ಮಂಗಲಾ ಕಿವಿಯ ಮೇಲಿನ ಹೆಡ್‌ಫೋನು ಎತ್ತಿ ತೋರಿಸಿದಳು. “ಇಲ್ಲೇ ಅದೆ ಅತ್ತೆ. ಕಿಮಿ ನಂದೇ.”

“ನಿಂದಾದ್ರೆ ಆತು,” ಅಂದಳು ಹನುಮಕ್ಕ.

ಹಾಡು ಶುರುವಾಯಿತು. ಕಡೆಯ ಹಿಡಿ ಅಗೆಯು ಕೈಯಲ್ಲೇ ಉಳಿದದೆ, ಯಾರ ಕೈಯಲ್ಲಿ ಇಳಿಸಲೇ... ಮಂಗಲಾ ಮೊದಲ ಸಲ ಅದನ್ನು ಪೂರ್ತಿಯಾಗಿ ಕೇಳಿದಳು. ಹೆಡ್‌ಫೋನಿನಲ್ಲಿ ಎಲ್ಲ ಕೇಳಿಸುತ್ತಿತ್ತು: ಮಣಿಗಳು ಒಂದಕ್ಕೊಂದು ತಾಗುವುದು, ಎರಡು ಸಾಲುಗಳ ನಡುವೆ ಎಳೆದುಕೊಳ್ಳುವ ಉಸಿರು, ಹಿಡಿಯಿಂದ ನೀರು ತೊಟ್ಟಿಕ್ಕುವುದು. ಹಾಡಿನಲ್ಲಿ ಬೀರಮ್ಮ ಬಂದಳು, ನಾಗಿ ಬಂದಳು, ಹನುಮಿ ಬಂದಳು. ಅಲ್ಲಿಗೆ ಮುಗಿಯಬೇಕು. ಮುಗಿಯಲಿಲ್ಲ. ಹನುಮಕ್ಕ ಕಣ್ಣೆತ್ತಿ ಕ್ಯಾಮರಾದ ಆಚೆ, ಅಂಚಿನ ಕಡೆಗೆ ನೋಡಿದಳು. ಮಂಗ್ಲಿ ಬಂದಳು, ಅಂದಳು. ಒಂದು ದಿನವೂ ಒಂದು ಹಿಡಿ ನೆಡದ ಮಂಗಲಾ ಕತ್ತು ತಗ್ಗಿಸಿ ಬಾಕ್ಸಿನ ಪರದೆ ನೋಡತೊಡಗಿದಳು. ಸುತ್ತ ಕೆಂಪು ಅಂಚು ಇತ್ತು. ಮೂಲೆಯಲ್ಲಿ ಶಬ್ದದ ಎರಡು ಹಸಿರು ಪಟ್ಟಿಗಳು ಏರಿ ಇಳಿಯುತ್ತಿದ್ದವು. ಕಣ್ಣು ಮಂಜಾಗಿ ಅವಳು ಅದರಾಚೆ ನೋಡಲಿಲ್ಲ.

ಪಟ್ಟಿಗಳ ಪಕ್ಕ ಸಾಸಿವೆ ಕಾಳಿನಷ್ಟು ಒಂದೊಂದು ಚುಕ್ಕಿ ಇರುತ್ತದೆ. ಅದು ಕೆಂಪಾಗಿದ್ದರೆ ಮಾತ್ರ ಶಬ್ದ ಡ್ರೈವಿಗೆ ಹೋಗುತ್ತದೆ. ಇಲ್ಲದಿದ್ದರೆ ಕಿವಿಗೆ ಕೇಳಿಸುತ್ತದೆ, ಅಷ್ಟೇ. ಆಷಾಢಕ್ಕೆ ಮುಂಚಿನ ಕೊನೆಯ ಕೆಲಸವಾದ ಹೊನ್ನಾವರದ ಒಂದು ನಿಶ್ಚಿತಾರ್ಥದಲ್ಲಿ ಅವಳೇ ಎರಡೂ ಚುಕ್ಕಿಗಳನ್ನು ಒತ್ತಿ ಬೂದು ಮಾಡಿದ್ದಳು. ಮದುವೆ ಕೆಲಸದಲ್ಲಿ ಅದು ಅವರ ಪದ್ಧತಿ. ಡೀಜೆಯ ಗದ್ದಲ, ಅಡಿಗೆಯವರ ಕೂಗು, ಯಾರಿಗೆ ಬೇಕು? ಕೊನೆಗೆ ಮೇಲೆ ಹಾಕುವುದು ಸಿನಿಮಾ ಹಾಡು.

ಮರುದಿನ ಬೆಳಿಗ್ಗೆ ಕಂಪ್ಯೂಟರಿನಲ್ಲಿ ತೆರೆದರೆ ಅತ್ತೆಯ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ರೆಪ್ಪೆಯ ಮೇಲಿನ ಕೆಸರಿನ ಹನಿ, ಮಣಿಸರದ ದಾರದ ಗಂಟು, ಎಲೆಯಡಿಕೆಗೆ ಕೆಂಪಾದ ಹಲ್ಲಿನ ಸಂದು, ಯಾವುದೂ ತಪ್ಪಿರಲಿಲ್ಲ. ಬಾಯಿ ತೆರೆದು ಮುಚ್ಚಿತು. ಶಬ್ದ ಇರಲಿಲ್ಲ. ಮಂಗಲಾ ಸ್ಪೀಕರಿನ ಬಟನ್ ತಿರುಗಿಸಿದಳು, ವೈರು ಕಿತ್ತು ಹಾಕಿದಳು. ಆಮೇಲೆ ಬಾಕ್ಸ್ ಹಚ್ಚಿ ಚುಕ್ಕಿ ನೋಡಿದಳು: ಎರಡೂ ಬೂದು. ವಿನೋದ ಹಲ್ಲುಜ್ಜಿಕೊಂಡು ಬರುವಷ್ಟರಲ್ಲಿ ಅವಳ ಬೆರಳು ಎರಡೂ ಚುಕ್ಕಿಗಳನ್ನು ಒತ್ತಿ ಕೆಂಪು ಮಾಡಿ ಆಗಿತ್ತು.

ಅವನು ಬಾಕ್ಸ್ ನೋಡಿದ, ಎಲ್ಲ ಸರಿ ಇತ್ತು. ಕ್ಯಾಮರಾ ನೋಡಿದ. ಮೈಕಿನ ವೈರನ್ನು ಎರಡು ಸಲ ಜಗ್ಗಿದ. “ಇದೇ ಸಾಯ್ಲಿ. ಹೋದ ತಿಂಗ್ಳೇ ತಂದದ್ದು,” ಎಂದು ಅದನ್ನು ಗುಜರಿ ಡಬ್ಬಿಗೆ ಎಸೆದ. ಅವಳು ಡಬ್ಬಿಯ ಮುಚ್ಚಳ ಹಾಕಿದಳು.

ಅಂಕಿತಾ ಸಿಟ್ಟು ಮಾಡಲಿಲ್ಲ. ಅದೇ ಕಷ್ಟವಾದದ್ದು. “ಮಂಗಲಕ್ಕ, ಮನೆಯೊಳಗೇ ಕೂತು ಬರೀ ಹಾಡು ಇನ್ನೊಂದು ಸಲ ಹೇಳ್ತಾರಾ ಕೇಳಿ. ಫೋನಿನಲ್ಲಿ ಹಿಡಿದುಕೊಂಡ್ರೂ ಸಾಕು,” ಅಂದಳು. ಕೇಳ್ತೆ ಅಂದಳು ಮಂಗಲಾ. ಆ ಸಂಜೆ ಹನುಮಕ್ಕ ಜಗುಲಿಯಲ್ಲಿ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಮಂಗಲಾ ಹತ್ತಿರ ಹೋಗಿ ನಿಂತಳು.

“ಎಂತಾ?” ಅಂದಳು ಹನುಮಕ್ಕ. “ಹೆಂಗೆ ಬಂದದೆ ನನ್ನ ಹಾಡು?”

“ಚೆಂದ ಬಂದದೆ.”

“ನಿನ್ನ ಹೆಸ್ರು ಕೇಳ್ತ?”

“ಕೇಳ್ತು.”

ಹನುಮಕ್ಕ ಎಣ್ಣೆ ಹಚ್ಚುವುದನ್ನು ಮುಂದುವರಿಸಿದಳು. ಅವಳ ಬಾಯ ಮೂಲೆಯಲ್ಲಿ ನಗು ಇತ್ತು. ಮಂಗಲಾ ಒಳಗೆ ಹೋಗಿ ಅಂಕಿತಾಳಿಗೆ ಫೋನು ಮಾಡಿ, ಅತ್ತೆ ಒಪ್ಪುವುದಿಲ್ಲ, ಅಗೆ ಇಲ್ಲದೆ ಹೇಳುವುದಿಲ್ಲವಂತೆ, ಅಂದಳು. ಸುಳ್ಳು ಅನ್ನುವಂತೆಯೂ ಇರಲಿಲ್ಲ. ಕೇಳಿದ್ದರೆ ಹನುಮಕ್ಕ ಹಾಗೇ ಅನ್ನಬಹುದಿತ್ತು. ಅಥವಾ ಸೊಸೆಯ ಮುಖ ನೋಡಿ, “ಬಾ ಹಂಗಾರೆ, ಕೂತ್ಕ,” ಅನ್ನಬಹುದಿತ್ತು. ಯಾವುದು ಎಂಬುದು ಈಗ ತಿಳಿಯುವಂತಿಲ್ಲ. ಬರುವ ವರ್ಷ ನೆಟ್ಟಿ ಇದ್ದೇ ಇದೆ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು. ನವರಾತ್ರಿಯ ಹಿಂದಿನ ವಾರ ಹನುಮಕ್ಕ ಬಾವಿಕಟ್ಟೆಯ ಹತ್ತಿರ ಬಿದ್ದಳು. ಲಕ್ವ ಅಂದರು. ಬಲಗೈ, ಬಲಗಾಲು ಹೋಯಿತು, ಮಾತು ಹೋಯಿತು.

*

ಮಧ್ಯಾಹ್ನ ಊಟಕ್ಕೆ ಮನೆಗೆ ಹೊರಟಾಗ ಮಂಗಲಾ ಬಾಕ್ಸನ್ನು ಅದರ ಡ್ರೈವಿನ ಸಮೇತ ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟುಕೊಂಡಳು. ಧಾರೇಶ್ವರದ ದಾರಿಯಲ್ಲಿ ಹೆದ್ದಾರಿಯಿಂದ ಒಳಗೆ ತಿರುಗಿದರೆ ಮನೆ. ಅಂಗಳದ ಮೂಲೆಯಲ್ಲಿ ನೆರೆಮನೆಯ ಕಮಲಿ ಗೋಣಿಚೀಲದ ಮೇಲೆ ನೀರು ಚಿಮುಕಿಸುತ್ತಿದ್ದಳು. ಬೆಳಗಿನ ಹೊತ್ತು ಹನುಮಕ್ಕನನ್ನು ನೋಡಿಕೊಳ್ಳುವುದು ಅವಳೇ, ಈಗೀಗ ಈ ಮನೆಯ ಗದ್ದೆಯನ್ನು ನೋಡಿಕೊಳ್ಳುವುದೂ ಅವಳೇ.

“ಬೀಜದ ಭತ್ತ ಮೊಳ್ಕೆ ಬಂತು,” ಅಂದಳು ಕಮಲಿ. “ನಾಡಿದ್ದು ಬಿತ್ತೂದು. ನೆಟ್ಟಿಗೆ ಜನ ಹೇಳೂಕೆ ಬೇಕು, ಈಗ್ಲೇ ಹೇಳ್ದಿದ್ರೆ ಒಂದು ನರಪಿಳ್ಳೆ ಸಿಕ್ಕೂದಿಲ್ಲ. ಈ ವರ್ಷ ಕಡೇ ಹಿಡಿಗೆ ಎಂತಾ ಮಾಡೂದು? ಸುಮ್ನೆ ಊರಿಬಿಡೂದನ?”

ಮಂಗಲಾ ಗೋಣಿಯೊಳಗೆ ಕೈ ಹಾಕಿದಳು. ಹೊರಗೆ ತಣ್ಣಗಿದ್ದ ಚೀಲ ಒಳಗೆ ಬೆಚ್ಚಗಿತ್ತು, ಜ್ವರ ಬಂದ ಮಗುವಿನ ಹೊಟ್ಟೆಯ ಹಾಗೆ.

“ಅತ್ತೆ ಉಂಡ್ರ?”

“ಮೂರು ತುತ್ತು. ನಾಲ್ಕನೇದು ನನ್ನ ಸೀರೆಗೆ.”

ಹನುಮಕ್ಕ ಗೋಡೆಗೆ ಒರಗಿ ಕೂತಿದ್ದಳು. ಮಂಗಲಾ ಬಾಕ್ಸನ್ನು ಒಂದು ಮಣೆಯ ಮೇಲೆ ಅಕ್ಕಿಡಬ್ಬಿಗೆ ಆನಿಸಿ ನಿಲ್ಲಿಸಿದಳು. ಬೀಳುವ ಮೊದಲು ಅತ್ತೆ ಎರಡು ಮೂರು ಸಲ ತೋರಿಸು ಅಂದಿದ್ದಳು, ಮಾತು ಇದ್ದಾಗ. ಡ್ರೈವು ಅಂಕಿತಾನ ಹತ್ತಿರ ಇದೆ, ಮುಂದಿನ ವಾರ, ಎಂದು ಮಂಗಲಾ ದಿನ ದೂಡಿದ್ದಳು.

ಚಿತ್ರ ಬಂತು. ಹನುಮಕ್ಕ ಮುಂದಕ್ಕೆ ಬಾಗಿದಳು. ತನ್ನ ಮುಖ ನೋಡಿದಳು, ಕೈಯಲ್ಲಿನ ಅಗೆ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಎಡಗೈಯನ್ನು ಕಿವಿಯ ಹತ್ತಿರ ತಂದು ಬೆರಳು ತಿರುಗಿಸಿದಳು. ಜೋರು ಮಾಡು.

ಸ್ಪೀಕರ್ ಹಾಳಾಗಿದೆ ಎಂಬ ಮಾತು ಮಂಗಲಾಳ ನಾಲಿಗೆಯ ತುದಿಗೆ ಬಂದಿತ್ತು.

“ಶಬ್ದ ಇಲ್ಲ ಅತ್ತೆ,” ಅಂದಳು. “ವೈರು ಹಾಳಾದದ್ದಲ್ಲ. ನಾನೇ. ಒಂದು ಚುಕ್ಕಿ ಒತ್ತೂಕೆ ಮರ್ತೆ. ನಂಗೆ ಕೇಳ್ತಾ ಇತ್ತು, ಅದ್ಕೇ ಗೊತ್ತಾಗ್ಲಿಲ್ಲ. ಆಮೇಲೆ ನಿಮ್ಮನ್ನ ಇನ್ನೊಂದು ಸಲ ಕೇಳು ಅಂತು ಅಂಕಿತಾ. ಕೇಳಿದೆ ಅಂದೆ. ಕೇಳ್ಲಿಲ್ಲ.”

ಹನುಮಕ್ಕ ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತೇ ಎಂದು ಮಂಗಲಾ ಹುಡುಕಿದಳು. ಲಕ್ವ ಎಳೆದ ಮುಖದಲ್ಲಿ ಯಾವುದು ಸಿಟ್ಟು, ಯಾವುದು ಸ್ನಾಯು ಎಂದು ತಿಳಿಯುವುದಿಲ್ಲ. ಪರದೆಯ ಮೇಲೆ ಹಳೆಯ ಹನುಮಕ್ಕ ಹಾಡುತ್ತಲೇ ಇದ್ದಳು.

“ಈಗ ಅಂಕಿತಾ ಕೇಳ್ತದೆ. ನಿಮ್ಮ ಮುಖಕ್ಕೆ ಬೇರೆಯವ್ರ ಹಾಡು ಹಾಕ್ತೆ ಅಂತು. ಹಾಕ್ಲ?”

ಹನುಮಕ್ಕನ ಎಡಗೈ ಎದ್ದಿತು. ಪರದೆಯ ಮೇಲಿನ ತನ್ನ ಬಾಯನ್ನು ಅಂಗೈಯಿಂದ ಮುಚ್ಚಿತು. ಹಾಗೇ ಇತ್ತು, ಮಂಗಲಾ “ಆತು, ಬೇಡ” ಅನ್ನುವವರೆಗೆ.

ಕೈ ತೆಗೆದಾಗ ಹೆಸರುಗಳು ಶುರುವಾಗಿದ್ದವು. ಅಷ್ಟು ಸ್ಪಷ್ಟವಾದ ಚಿತ್ರ. ತುಟಿಯ ಒಂದೊಂದು ಬಿರುಕೂ ಕಾಣುತ್ತಿತ್ತು, ನಾಲಿಗೆ ಹಲ್ಲಿಗೆ ತಾಗುವುದು ಕಾಣುತ್ತಿತ್ತು. ತುಟಿಗಳು ಅಗಲಕ್ಕೆ ಸರಿದವು. ಹನುಮಿ. ಆಮೇಲೆ ಮುದುಕಿ ಕಣ್ಣೆತ್ತಿದಳು, ತುಟಿಗಳೆರಡೂ ಒಂದನ್ನೊಂದು ಮುಟ್ಟಿ, ಒಂದು ಗಳಿಗೆ ಹಾಗೇ ಕೂಡಿಕೊಂಡು, ಬಿಟ್ಟವು. ಶಬ್ದವಿಲ್ಲದಿದ್ದರೂ ಮಂಗಲಾಳಿಗೆ ತನ್ನ ಹೆಸರು ಗುರುತು ಸಿಕ್ಕಿತು. ಅದರ ಮುಂದಿನ ಎರಡು ಸಾಲು ಗುರುತು ಸಿಗಲಿಲ್ಲ.

ಚಿತ್ರ ಮುಗಿಯಿತು. ಹನುಮಕ್ಕ ನೆಲ ತಟ್ಟಿದಳು. ಮತ್ತೆ ಹಾಕು.

ಎರಡನೆಯ ಸಲ ಹನುಮಕ್ಕನ ಎಡಗೈ ತನ್ನ ತೊಡೆಯ ಮೇಲೆ ತಾಳ ಹಿಡಿಯಿತು. ಮೂರನೆಯ ಸಲಕ್ಕೆ ತನಗೇ ಗೊತ್ತಿಲ್ಲದೆ ಮಂಗಲಾ ಬಾಯಿಬಿಟ್ಟಳು. ಅಡಿಗೆಮನೆಯ ಕಿಟಕಿಯಿಂದ ಬಂದದ್ದು ಎಲ್ಲವೂ ಕಳೆದಿರಲಿಲ್ಲ. ಮೊದಲ ಸಾಲು ಬಂತು, ಎರಡನೆಯದು ಬಂತು. ಮೂರನೆಯದರಲ್ಲಿ ಅವಳು ಏನೋ ಅಂದಳು. ತಾಳ ನಿಂತಿತು. ಮಂಗಲಾ ಚಿತ್ರವನ್ನು ಹಿಂದಕ್ಕೆ ಎಳೆದು ತುಟಿಗಳನ್ನು ನೋಡಿದಳು, ಬೇರೆ ಪದ ಹಾಕಿ ನೋಡಿದಳು. ತಾಳ ಬರಲಿಲ್ಲ. ಇನ್ನೊಂದು ಪದ. ಹನುಮಕ್ಕ ಕಣ್ಣು ಮುಚ್ಚಿ ಕಾಯುತ್ತಿದ್ದಳು. ನಾಲ್ಕನೆಯ ಪದಕ್ಕೆ ತೊಡೆಯ ಮೇಲೆ ಕೈ ಮತ್ತೆ ಬಿತ್ತು.

ಕಮಲಿ ಬಾಗಿಲಲ್ಲಿ ಬಂದು ನಿಂತಳು. “ಎಂತಾ ನಡೀತದೆ ಅತ್ತೆ-ಸೊಸೆದು? ಅನ್ನ ಆರಿ ತಣ್ಣಗಾಯ್ತು.”

ಮಂಗಲಾ ಬಾಕ್ಸ್ ಬಂದ್ ಮಾಡಿದಳು. “ಎಂತದೂ ಇಲ್ಲ. ಬಂದೆ.”

*

ಸ್ಟುಡಿಯೋಕ್ಕೆ ವಾಪಸು ಬಂದವಳು ಮೊದಲು ಅಂಕಿತಾಳಿಗೆ ಫೋನು ಮಾಡಿದಳು. “ಅತ್ತೆನ್ನ ಕೇಳ್ದೆ. ಬೇಡ ಅಂದ್ರು,” ಅಂದಳು. ಈ ಸಲ ಅದು ನಿಜವಾಗಿತ್ತು, ಆದರೂ ಧ್ವನಿ ಹೋದ ಸಲದ ಹಾಗೇ ಕೇಳಿಸಿತು. ಆಮೇಲೆ ಗಿರಾಕಿಗಳ ಮದುವೆಗಳಿರುವ ದೊಡ್ಡ ಡಿಸ್ಕಿನಲ್ಲಿ ಹೊಸ ಫೋಲ್ಡರ್ ಮಾಡಿ, ಹನುಮಕ್ಕ ಎಂದು ಹೆಸರು ಕೊಟ್ಟು, ಹನ್ನೊಂದು ನಿಮಿಷವನ್ನು ಅಲ್ಲಿಗೆ ಇಳಿಸಿದಳು. ನೀಲಿ ಪಟ್ಟಿ ತುದಿ ಮುಟ್ಟಿದ ಮೇಲೆ ಡ್ರೈವು ಖಾಲಿ ಮಾಡಿದಳು. ಗುಜರಿ ಡಬ್ಬಿಯ ತಳದಿಂದ ಮೈಕಿನ ವೈರು ಹೆಕ್ಕಿ, ತುದಿಯ ಕಪ್ಪನ್ನು ಉಜ್ಜಿ ತೆಗೆದು, ಬೇರೆ ವೈರುಗಳ ಜೊತೆಗೆ ಇಟ್ಟಳು.

ಬುಕಿಂಗ್ ಬರೆಯುವ ಕ್ಯಾಲೆಂಡರು ಅವಳ ತಲೆಯ ಮೇಲೇ ಇತ್ತು. ಆಷಾಢದ ಹಾಳೆ ಪ್ರತಿ ವರ್ಷದಂತೆ ಬೆಳ್ಳಗೆ ಖಾಲಿ. ಆ ತಿಂಗಳು ವಿನೋದ ಕ್ಯಾಮರಾ ಬಿಚ್ಚಿ ಸ್ವಚ್ಛ ಮಾಡುತ್ತಾನೆ, ಅವಳು ಹಳೆಯ ಆಲ್ಬಮ್ಮುಗಳ ಕೆಲಸ ಮುಗಿಸುತ್ತಾಳೆ. ಮಂಗಲಾ ಕೆಂಪು ಪೆನ್ನು ತೆಗೆದುಕೊಂಡು ಆ ಹಾಳೆಯಲ್ಲಿ ನೆಟ್ಟಿ ಬೀಳುವ ಐದು ದಿನಗಳ ಸುತ್ತ ಗೆರೆ ಎಳೆದಳು. ಗೆರೆಯೊಳಗೆ ಯಾರ ಹೆಸರನ್ನೂ ಬರೆಯಲಿಲ್ಲ.

ವಿನೋದ ಪರದೆ ಸರಿಸಿ ಒಳಗೆ ಬಂದ. “ಖಾಲಿ ಆತ?”

“ಆತು.”

ಡ್ರೈವು ತೆಗೆದುಕೊಳ್ಳಲು ಕೈ ಚಾಚಿದವನ ಕಣ್ಣು ಕ್ಯಾಲೆಂಡರಿನ ಮೇಲೆ ಬಿತ್ತು. “ಹೋಯ್, ಇದೆಂತದು? ಆಷಾಢದಲ್ಲಿ ಯಾರ ಮದ್ವೆಯೇ?”

“ಅದೊಂದು ಅದೆ,” ಅಂದಳು ಮಂಗಲಾ. ಅವನು ನಕ್ಕು ಡ್ರೈವು ಜೇಬಿಗೆ ಹಾಕಿಕೊಂಡು ಹೋದ. ಮುಂದಿನ ಕೋಣೆಯಿಂದ “ಗಲ್ಲ ಸ್ವಲ್ಪ ಮೇಲೆ ಮಾಡಿ, ಹಾಂ” ಎಂಬ ಅವನ ಮಾತು ಕೇಳಿಸಿತು. ಮಂಗಲಾ ಮುಟ್ಟಳ್ಳಿಗೆ ಬೇಕಾದ ವೈರುಗಳನ್ನು ಎಣಿಸತೊಡಗಿದಳು. ಎಣಿಸುವ ಕೈಯ ಬೆರಳು ಮೇಜಿನ ಅಂಚಿನ ಮೇಲೆ ತಾಳ ಬಡಿಯುತ್ತಿತ್ತು, ಒಂದು ಕಡೆ ಬಂದು ನಿಂತು, ಸ್ವಲ್ಪ ಕಾದು, ಮತ್ತೆ ಮೊದಲಿನಿಂದ.